ಅಮ್ಘರಾದ ತೂಕದ ಪುಸ್ತಕ

ಅಮ್ಘರಾದ ಗುಜರಿ ಅಂಗಳದಲ್ಲಿ ನನ್ನ ಕೆಲಸ ಬರೆಯುವುದು.
ಲಾರಿ ತೂಕದ ಕಟ್ಟೆ ಏರಿದೊಡನೆ ಒಂದು ಸಾಲು:
ಏನು, ಎಷ್ಟು, ಎಲ್ಲಿಂದ.
ಎಷ್ಟು ಎಂಬುದನ್ನು ಮುಳ್ಳು ಹೇಳುತ್ತದೆ.
ಎಲ್ಲಿಂದ ಎಂದರೆ ಡ್ರೈವರುಗಳೆಲ್ಲ ಬಡಗಣಕ್ಕೆ ಕೈ ಚಾಚುತ್ತಾರೆ,
ಇರಾಕಿನವರು ಬಂದ ದಾರಿಗೆ, ಓಡಿದ ದಾರಿಗೆ.
ಏನು ಎಂಬಲ್ಲೇ ಪೆನ್ನಿಗೆ ಬಿಕ್ಕಳಿಕೆ.

ಟ್ಯಾಂಕು, ಒಂದು, ಎಂದು ಬರೆದೆ ಮೊದಲ ದಿನ.
ಗೇಟಿನ ಕುರ್ಚಿ ಬಿಟ್ಟು ಬಂದ ಬೆಳ್ಯಪ್ಪ,
ತೋಪಖಾನೆಯಲ್ಲಿ ಹದಿನೇಳು ವರ್ಷ ಸವೆಸಿದ ಹವಲ್ದಾರ,
ಈಗ ನಮ್ಮ ಕಾವಲುಗಾರ; ಮೀಸೆ ಮಾತ್ರ ಇನ್ನೂ ಡ್ಯೂಟಿಯಲ್ಲಿ.
"ಎಂಥ ಬರೆದದ್ದು ಇದ್ದಿನಬ್ಬಾ? ಚೈನಿದ್ದದ್ದೆಲ್ಲ ಟ್ಯಾಂಕಾದರೆ
ನಿನ್ನ ಸೈಕಲ್ಲೂ ಟ್ಯಾಂಕೇ.
ಇದು ಜನ ಹೊರುವ ಗಾಡಿ. ಹಿಂದೆ ಬಾಗಿಲು ನೋಡು,
ಒಳಗೆ ಬೆಂಚು ನೋಡು. ಬಸ್ಸು ಇದು, ಉಕ್ಕಿನ ಬಸ್ಸು."
ನೋಡಿದೆ. ಬೆಂಚಿನ ಕೆಳಗೆ ಒಂಟಿ ಚಪ್ಪಲಿ.
ಅದಕ್ಕೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಹೀಗೆ ಶುರುವಾಯಿತು ಎರಡನೇ ಸಲದ ಅ ಆ ಇ ಈ.
ಗುಂಡು ಎಂದರೆ ಹಾರಿಹೋಗುವ ತುದಿ ಮಾತ್ರ,
ಇಡಿಯಾದದ್ದು ತೋಟಾ.
ಇಲ್ಲಿ ಮೂಟೆಗಟ್ಟಲೆ ಬಂದು ಬೀಳುವ ಹಿತ್ತಾಳೆ
ಗುಂಡೂ ಅಲ್ಲ, ತೋಟಾನೂ ಅಲ್ಲ, ಬರಿಯ ಸಿಪ್ಪೆ.
"ಗುಂಡು ಅದರ ಪಾಡಿಗೆ ಹೋಗಿಯಾಯಿತು" ಎಂದ.
ಎಲ್ಲಿಗೆ ಎಂದು ನಾನು ಕೇಳಲಿಲ್ಲ.
ಗುರಿ ಹುಡುಕಿಕೊಂಡು ಹೋಗುವುದು ಮಿಸೈಲು,
ಬಿಟ್ಟತ್ತ ಹೋಗುವುದು ರಾಕೆಟ್ಟು.
ತೋಪಿನ ಬಾಯಿಂದ ಬಂದರೆ ಶೆಲ್ಲು;
ಬಾಂಬು ಎನ್ನಬೇಕಾದರೆ ಮೇಲಿಂದ ಬೀಳಬೇಕು,
ಯಾರೂ ಎಸೆಯದೆ ಬಿದ್ದಂತೆ.

ನಮ್ಮ ಬಂಟ್ವಾಳದಲ್ಲಿ ಇಷ್ಟೆಲ್ಲ ಹೆಸರು ಬೇಕಿರಲಿಲ್ಲ.
ಹಂದಿಗೊಂದು ಕೇಪಿನ ಕೋವಿ, ಮದುವೆಗೊಂದು ಗರ್ನಾಲು.
ಅಜ್ಜಿಯ ಕೆಮ್ಮಿಗೂ ಮದ್ದು, ಕೋವಿಯ ಬಾಯಿಗೂ ಮದ್ದು,
ಎರಡನ್ನೂ ಒಂದೇ ಕಪಾಟಿನಲ್ಲಿಟ್ಟು
ಯಾರೂ ಸತ್ತದ್ದಿಲ್ಲ.

ಒಂದು ರಾತ್ರಿ ಸುಲೈಮಾನಿಯ ಎರಡನೇ ಗ್ಲಾಸಿಗೆ
ಬೆಳ್ಯಪ್ಪ ತಾನಾಗಿಯೇ ಬಾಯಿಬಿಟ್ಟ:
ಟ್ಯಾಂಕು ಎಂಬುದೇ ಸುಳ್ಳು ಹೆಸರು ಮಾರಾಯ.
ಮೊದಲು ಕಟ್ಟಿದಾಗ ಗುಟ್ಟು ಹೊರಬೀಳಬಾರದೆಂದು
ನೀರಿನ ತೊಟ್ಟಿ ಎಂದರಂತೆ. ಅದೇ ಅಂಟಿತು.
ನಾನು ನಕ್ಕೆ. ಹಾಗಾದರೆ ನನ್ನ ಸೈಕಲ್ಲು?
ಅವನು ನಗಲಿಲ್ಲ. ಗ್ಲಾಸಿನ ತಳದ ಸಕ್ಕರೆ ಕಲಕುತ್ತ ಕೂತ.

ಮೊಫಿಜ್ ಗ್ಯಾಸ್ ಕಟರ್, ಸಿಲ್ಹೆಟ್ಟಿನವನು.
ಅವನಿಗೆ ಜಗತ್ತಿನಲ್ಲಿ ಎರಡೇ ಬಗೆ:
ಕತ್ತರಿಸಲು ಬರುವುದು, ಬಾರದ್ದು.
ಆಗಸ್ಟಿನ ಮಧ್ಯಾಹ್ನ, ಕಬ್ಬಿಣ ಮುಟ್ಟಿದರೆ
ಚರ್ಮ ಅಲ್ಲೇ ಉಳಿಯುವ ಹೊತ್ತು,
ಒಂದು ಗಾಡಿಯ ಹೊಟ್ಟೆಯಿಂದ ಮರಳು ಗೋರಿದಾಗ ಕಂಡಿತು,
ಲೋಟದಷ್ಟು ದೊಡ್ಡದು, ತಲೆಗೆ ಬಿಳಿ ರಿಬ್ಬನ್ನು,
ಶಾಲೆಗೆ ಹೊರಟ ಹುಡುಗಿಯ ಜಡೆಯ ಹಾಗೆ.
ಮೊಫಿಜನಿಗೆ ಊರಲ್ಲಿ ಮಗಳಿದ್ದಳು.
ಬಾಗಿದ. ಕೈ ಚಾಚಿದ.

ಅದಕ್ಕೆ ಸರಿಯಾದ ಹೆಸರಿದೆ, ಉದ್ದದ್ದು,
ನಡುವೆ ಅಂಕಿ, ಕೊನೆಗೊಂದು ಅಕ್ಷರ.
ಬೆಳ್ಯಪ್ಪನಿಗೆ ನಿದ್ದೆಯಲ್ಲೂ ಬಾಯಿಪಾಠ.
ಗೇಟಿನಿಂದ ಅವನು ಕೂಗಿದ್ದು ಮಾತ್ರ
"ಪಟಾಕಿ! ಪಟಾಕಿ!"

ಕೈ ನಿಂತಿತು, ಒಂದು ಗೇಣು ಈಚೆ.
ಆಮೇಲೆ ಎಲ್ಲರೂ ಓಡಿದೆವು,
ಮಲಯಾಳಿ, ಪಠಾಣ, ಈಜಿಪ್ಟಿನ ಫೋರ್‌ಮನ್,
ಅವರವರ ಉಚ್ಚಾರದಲ್ಲಿ ಅದೇ ಶಬ್ದ ಕಿರುಚುತ್ತ.

ನಾಲ್ಕು ಗಂಟೆಗೆ ಮಿಲಿಟರಿಯವರು ಬಂದು
ಮರಳಚೀಲ ಪೇರಿಸಿ ಸಿಡಿಸಿದರು.
ಅಫಸರ ಅರಬ್ಬಿಯಲ್ಲಿ ಒಂದೂವರೆ ಸಾಲು ಬರೆದುಕೊಂಡ.
ಮೊಫಿಜ್ ಸ್ವಲ್ಪ ಹೊತ್ತು ಕೈ ನೋಡಿಕೊಂಡಿದ್ದು
ಮತ್ತೆ ಕಟರ್ ಹಚ್ಚಿದ.
ನಾನು ಪುಸ್ತಕ ತೆರೆದೆ:
ಪಟಾಕಿ, ಒಂದು. ತೂಕ, ಮಾಡಿಲ್ಲ.
ಬೆಳ್ಯಪ್ಪ ಹೆಗಲ ಮೇಲಿಂದ ಬಗ್ಗಿ ಓದಿದ,
ಪೆನ್ನು ಇಸಿದುಕೊಂಡ,
ಸಾಲಿನ ಕೊನೆಗೆ ಸಹಿ ಹಾಕಿದ,
ಹಳೆಯ ಸೈನ್ಯದ ನಂಬರಿನ ಸಮೇತ.